ಹಗೇವಿಗೆ ಇಳಿಸಿದ ಮೈಕು

ಹೆಡ್‌ಫೋನ್ ಹಾಕಿಕೊಳ್ಳುವಾಗ ಈಗಲೂ ನನ್ನ ಕೈ ಅರ್ಧಕ್ಕೆ ನಿಲ್ಲುತ್ತದೆ. ಅದರ ಮೆತ್ತೆ ಕಿವಿಯ ಮೇಲೆ ಕೂತೊಡನೆ ಹೊರಗಿನ ಲೋಕ ಮುಚ್ಚಿಕೊಂಡು ಒಳಗೊಂದು ನಿಶ್ಶಬ್ದ ತೆರೆದುಕೊಳ್ಳುತ್ತದೆ. ಕೆಲಸಕ್ಕೆ ಸೇರಿದ ದಿನದಿಂದ ನನಗೆ ಅತ್ಯಂತ ಪ್ರಿಯವಾಗಿದ್ದ ಗಳಿಗೆ ಅದು. ಈಗ ಆ ನಿಶ್ಶಬ್ದದೊಳಗೆ ಯಾರಾದರೂ ಉಸಿರಾಡುತ್ತಿದ್ದಾರೆಯೇ ಎಂದು ಹುಡುಕುತ್ತೇನೆ.

ಧ್ವನಿಮುದ್ರಣದ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು ಕೇಳುತ್ತಾರೆ, ಯಾವ ಮೈಕು ಕೊಳ್ಳಬೇಕು, ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂದು. ಅದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ನಾನು ಹೇಳಬಹುದಾದದ್ದು ಬೇರೆ. ರೇಡಿಯೋ ಕೇಂದ್ರದಲ್ಲಿ ಸೇವೆ ಮುಗಿಸಿ ಸಿಂದಗಿಯ ಮನೆಗೆ ಬಂದ ಮೇಲೆ ಶ್ರಾವಣಿ ಎಂಬ ಹುಡುಗಿಯ ಎರಡನೇ ಆಲ್ಬಮ್ಮಿನ ಹಾಡುಗಳನ್ನು ನಾನು ಮುದ್ರಿಸಿದೆ. ಅದರ ಕೊನೆಯ ಹಾಡಿಗೆ ಹೋದಾಗ ಅವಳ ಜೀವ ಹೋಗುವುದಿತ್ತು. ಅವಳ ಹಿಂದೆಯೇ ಇನ್ನೊಂದು ಜೀವ ಹೋಗುವುದಿತ್ತು. ಆ ದಿನವನ್ನು ಹೇಳುವ ಮೊದಲು ಉಸಿರಿನ ವಿಷಯ ಹೇಳಬೇಕು.

ನಾನು ಕೆಲಸಕ್ಕೆ ಸೇರಿದಾಗ ಎಲ್ಲವೂ ಟೇಪಿನ ಮೇಲೆ. ಫಿಜಿಕ್ಸ್ ಓದಿ ಬಂದಿದ್ದ ನನಗೆ ಮೊದಲು ಸಿಕ್ಕ ಉಪಕರಣ ಒಂದು ಬ್ಲೇಡು. ಭಾಷಣದ ಟೇಪನ್ನು ಕೈಯಿಂದ ಹಿಂದೆ ಮುಂದೆ ಎಳೆದು, ಮಾತಿನ ನಡುವೆ ಉಸಿರು ಎಲ್ಲಿದೆ ಎಂದು ಕಿವಿಗೊಟ್ಟು ಹುಡುಕಿ, ಅಷ್ಟನ್ನು ಕತ್ತರಿಸಿ, ಎರಡು ತುದಿ ಸೇರಿಸಿ ಅಂಟಿಸಬೇಕು. ನಮ್ಮ ಹಿರಿಯ ಇಂಜಿನಿಯರ್ ಸಾಹೇಬರು ಹಿಂದೆ ನಿಂತು ನೋಡುತ್ತಿದ್ದರು.

"ಕುಲಕರ್ಣಿ ಬಾಯಿ, ಕೇಳೋ ಮಂದಿಗೆ ಮಾತು ಬೇಕು. ಮಾತಾಡಾಂವನ ಪುಪ್ಪುಸ ಬ್ಯಾಡ."

ಸಂಜೆಯ ಹೊತ್ತಿಗೆ ನನ್ನ ಕುರ್ಚಿಯ ಸುತ್ತ ಕಂದು ಟೇಪಿನ ಚೂರುಗಳು ಬಿದ್ದಿರುತ್ತಿದ್ದವು. ಕಸ ಹೊಡೆಯಲು ಬರುತ್ತಿದ್ದ ನೀಲವ್ವ ಬಾಗಿಲಲ್ಲೇ ನಿಂತು, "ಇವತ್ತ ಯಾರ ಉಸಿರ ಹೊಡದ ಹಾಕಲ್ರಿ ಬಾಯಾರ?" ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಒಮ್ಮೆ ಬಸವನ ಬಾಗೇವಾಡಿಯ ಕಡೆಯ ಒಬ್ಬ ಹಿರಿಯರ ಭಜನೆ ಪದಗಳನ್ನು ಮುದ್ರಿಸಿದ್ದೆವು. ಅವರಿಗೆ ದಮ್ಮಿತ್ತು. ಒಂದೊಂದು ಸಾಲಿಗೂ ಎದೆ ಸೀಟಿ ಹೊಡೆಯುತ್ತಿತ್ತು. ನಾನು ಎರಡು ದಿನ ಕೂತು ಎಲ್ಲವನ್ನೂ ಕತ್ತರಿಸಿದೆ. ಪ್ರಸಾರವಾದ ಮೇಲೆ ಅವರ ಹೆಂಡತಿ ಬಸ್ ಹತ್ತಿ ಕೇಂದ್ರಕ್ಕೇ ಬಂದರು.

"ಇವು ನಮ್ಮ ಮನಿಯವರ ಪದಾ ಅಲ್ರಿ. ಅವರಿಗೆ ದಮ್ಮೈತಿ. ದಮ್ಮ ಎಲ್ಲಿ ಹೋತು?"

"ನೋಡ್ರಿ, ಡಾಕ್ಟರ ಕಡೆ ಆಗದ್ದು ರೇಡಿಯೋ ಮಾಡ್ತು," ಎಂದು ಸಾಹೇಬರು ಹೆಮ್ಮೆಯಿಂದ ಹೇಳಿದರು. ಆ ತಾಯಿ ನಗಲಿಲ್ಲ. ಚಹಾ ಕುಡಿಯದೆ ಎದ್ದು ಹೋದರು.

ಮುಂದೆ ಟೇಪು ಹೋಗಿ ಕಂಪ್ಯೂಟರ್ ಬಂತು. ಈಗಂತೂ ಉಸಿರನ್ನು ತಾನೇ ಹುಡುಕಿ ತಾನೇ ಅಳಿಸುವ ಗುಂಡಿಯೇ ಇದೆ. ಆದರೆ ಬ್ಲೇಡಿನ ಕಾಲದಲ್ಲಿ ಪಳಗಿದ ಕಿವಿ ಬದಲಾಗಲಿಲ್ಲ. ಉಸಿರು ಕಿವಿಗೆ ಬಿದ್ದೊಡನೆ ಮನಸ್ಸು ಅದನ್ನು 'ಆಮೇಲೆ ತೆಗೆಯುವ ಕಸ' ಎಂದು ಪಕ್ಕಕ್ಕೆ ಸರಿಸಿಬಿಡುತ್ತದೆ. ನಮ್ಮ ವೃತ್ತಿಯಲ್ಲಿ ಅದನ್ನೇ ಒಳ್ಳೆಯ ಕಿವಿ ಎನ್ನುತ್ತಾರೆ.

ಶ್ರಾವಣಿ ಮೋರಟಗಿಯ ಹುಡುಗಿ. ಸಿಂದಗಿಯಲ್ಲಿ ಡಿಗ್ರಿ ಓದುವಾಗ ನಮ್ಮ ಮಹಡಿಯ ಕೋಣೆಗೆ ಬಾಡಿಗೆಗೆ ಬಂದಳು. ನನ್ನ ಅಕ್ಕನ ಮಕ್ಕಳು ನನ್ನನ್ನು ಮಾವಶಿ ಎನ್ನುವುದನ್ನು ಕೇಳಿ ಅವಳೂ ಮಾವಶಿ ಎನ್ನತೊಡಗಿದಳು. ಒಂದು ಗಿಟಾರು, ಒಂದು ಮೊಬೈಲು, ಗಾದಿಯನ್ನು ಗೋಡೆಗೆ ನಿಲ್ಲಿಸಿ ಮಾಡಿಕೊಂಡ ಒಂದು ಮೂಲೆ, ಇಷ್ಟರಲ್ಲೇ ತಾನೇ ಬರೆದು, ತಾನೇ ರಾಗ ಹಾಕಿ, ಮೊದಲ ಆಲ್ಬಮ್ ಹಾಡಿಬಿಟ್ಟಿದ್ದಳು. ನನ್ನ ತಲೆಯ ಮೇಲೆಯೇ ನಡೆದ ಮುದ್ರಣ ನನಗೆ ಗೊತ್ತಾಗಲಿಲ್ಲ. ಗೊತ್ತಾಗುವ ಹೊತ್ತಿಗೆ ಆ ಹಾಡುಗಳು ಮದುವೆ ಮನೆಗಳಲ್ಲಿ, ಟಂಟಂ ಆಟೋಗಳಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳ ಡೆಕ್ಕಿನಲ್ಲಿ ಕೂಗುತ್ತಿದ್ದವು.

ಎರಡನೆಯದಕ್ಕೆ ದೊಡ್ಡ ಊರಿನ ಸ್ಟುಡಿಯೋದವರು ಕರೆದರು. ಹೋಗಿ ಎರಡೇ ದಿನಕ್ಕೆ ತಿರುಗಿ ಬಂದು ನಮ್ಮ ಮೆಟ್ಟಿಲ ಮೇಲೆ ಕೂತಳು.

"ಗಂಟಲ ಹಿಡೀತೈತ್ರಿ ಮಾವಶಿ. ಮೊದಲನೇದು ಹಾಡೂ ಮುಂದ ಯಾರೂ ಕೇಳಂಗಿಲ್ಲ ಅಂತ ಗ್ಯಾರಂಟಿ ಇತ್ತು, ಅದಕ್ಕ ಹಾಡಿದ್ನಿ. ಈಗ ಬಾಯಿ ತೆಗದ್ರ ಸಾಕು, ಮುಂದ ಮಂದಿ ಕುಂತಾರ ಅನಸ್ತೈತಿ."

"ಇಲ್ಲಿ ಎಲ್ಲಿದ್ದಾರ ಮಂದಿ? ನಾ ಒಬ್ಬಾಕಿ ಇದ್ದೇನಿ."

"ನೀವು ರೇಡಿಯೋದವ್ರು. ನೀವೊಬ್ರು ನೂರು ಮಂದಿಗೆ ಸಮ."

ಮೂರನೇ ದಿನ ಅವಳೇ ಒಂದು ದಾರಿ ತಂದಳು. ತಾನು ಚಿಕ್ಕಂದಿನಿಂದ ಕೂಗಿ ದನಿ ಕೇಳಿಸಿಕೊಂಡ ಜಾಗಗಳಿವೆ. ಅಲ್ಲಿ ಗಂಟಲು ಹಿಡಿಯುವುದಿಲ್ಲ. ಒಂದೊಂದು ಹಾಡನ್ನು ಒಂದೊಂದು ಜಾಗದಲ್ಲಿ, ಆ ಜಾಗದ್ದೇ ಪ್ರತಿಧ್ವನಿಯೊಂದಿಗೆ ಹಾಡುತ್ತೇನೆ, ನೀವು ಮೈಕು ಹಿಡಿಯಿರಿ ಎಂದಳು. ನಿವೃತ್ತಿಯ ಮೇಲೆ ಯಾರಾದರೂ ನಮ್ಮ ಕೈ ಬೇಕು ಎಂದರೆ ಬೇಡ ಎನ್ನುವುದು ಕಷ್ಟ. ಹೂಂ ಅಂದೆ.

ಗೊಳಸಂಗಿಯ ಒಂದು ಕಲ್ಲಿನ ದಾಸ್ತಾನು ಮನೆಯಲ್ಲಿ ಎರಡು ಹಾಡು ಆದವು. ಪಾರಿವಾಳಗಳ ಗುಟುರು ಬಿಟ್ಟರೆ ತೊಂದರೆಯಾಗಲಿಲ್ಲ. ಮುದ್ದೇಬಿಹಾಳದ ಹತ್ತಿರ ಬಹಳ ವರ್ಷಗಳಿಂದ ಮುಚ್ಚಿದ್ದ ಹತ್ತಿ ಗಿರಣಿಯೊಂದರಲ್ಲಿ ಒಂದು. ಅಲ್ಲಿ ಹಾಡಿನ ಕೊನೆಯ ಸಾಲಿಗೆ ಗಾಳಿ ಎದ್ದು, ತುಕ್ಕು ಹಿಡಿದ ಒಂದು ತಗಡು ಮೇಲಿನಿಂದ ಕಳಚಿ, ಅವಳು ಆಗಷ್ಟೇ ಬಿಟ್ಟು ಸರಿದಿದ್ದ ಜಾಗಕ್ಕೆ ಬಂದು ಬಿತ್ತು. ನಾನು ಮುದ್ರಣ ನಿಲ್ಲಿಸಲು ಕೈ ಚಾಚಿದೆ. ಅವಳು ಮಾತ್ರ ಓಡಿ ಬಂದು ನನ್ನ ಹೆಡ್‌ಫೋನ್ ಕಿತ್ತುಕೊಂಡು ಕೇಳಿದಳು.

"ಆ ಸದ್ದು ತಗೀಬ್ಯಾಡ್ರಿ ಮಾವಶಿ, ಭಾಳ ಚಲೋ ಬಂದೈತಿ. ತಬಲಾ ಹೊಡದಂಗ."

ತೆಗೆಯಲಿಲ್ಲ. ಈಗಲೂ ಆ ಹಾಡಿನ ಕೊನೆಗೆ ಅದು ಇದೆ. ಜನ ಅದನ್ನು ವಾದ್ಯ ಎಂದುಕೊಂಡಿದ್ದಾರೆ. ಅವತ್ತೇ ನಿಲ್ಲಿಸಿ ಮನೆಗೆ ಹೋಗಬಹುದಿತ್ತು ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ. ಆದರೆ ಅವಳ ಗಂಟಲು ಬಿಟ್ಟಿತ್ತು. ಹುಡುಗಿ ನಗುತ್ತಿದ್ದಳು.

ಕೊನೆಯ ಹಾಡು ತಾಂಬಾದಲ್ಲಿ, ಅವಳ ಸೋದರಮಾವ ಈರಣ್ಣನ ಹಿತ್ತಲಿನ ಹಗೇವಿನಲ್ಲಿ.

ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಕೆಳಗೆ ಹೂಜಿಯ ಹೊಟ್ಟೆಯಂತೆ ಅಗಲ. ಕಾಲುವೆ ನೀರು ಬಂದು ಸುತ್ತಲ ನೆಲ ಹಸಿ ಹಿಡಿದ ಮೇಲೆ ಕಾಳು ಕೆಡತೊಡಗಿ, ಈರಣ್ಣ ಅದಕ್ಕೆ ಬಂಡೆ ಮುಚ್ಚಿ ಬಿಟ್ಟಿದ್ದ. ಅದು ಇನ್ನೂ ತೆರೆದಿದ್ದ ದಿನಗಳಲ್ಲಿ, ರಜೆಗೆ ಮಾವನ ಮನೆಗೆ ಬಂದಾಗ, ಶ್ರಾವಣಿ ಅದರ ಬಾಯಿಗೆ ಮುಖವಿಟ್ಟು ಕೂಗುತ್ತಿದ್ದಳಂತೆ.

"ಕೆಳಗಿಂದ ನನ್ನ ದನಿ ದೊಡ್ಡಾಕಿ ಆಗಿ ತಿರುಗಿ ಬರತಿತ್ರಿ," ಎಂದಿದ್ದಳು. "ಆಗ ನಾ ಎಂಟನೇ ವರ್ಷದಾಕಿ. ಆ ದೊಡ್ಡಾಕಿ ಈಗ ನಾನೇ ಆಗೀನೋ ಇಲ್ಲೋ ನೋಡಬೇಕು."

ಹಗೇವಿನ ಭಯ ಗೊತ್ತಿಲ್ಲದವರು ನಮ್ಮ ಸೀಮೆಯಲ್ಲಿ ಇಲ್ಲ. ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ, ಇಳಿದವನು ಕೂಗದೆ ಬೀಳುತ್ತಾನೆ, ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಅದಕ್ಕೆ ಈರಣ್ಣ ಎಲ್ಲವನ್ನೂ ಪದ್ಧತಿಯಂತೆಯೇ ಮಾಡಿದ. ಹಿಂದಿನ ದಿನವೇ ಬಂಡೆ ಸರಿಸಿದ. ಬೆಳಿಗ್ಗೆ ಕಂದೀಲನ್ನು ಹಗ್ಗಕ್ಕೆ ಕಟ್ಟಿ ತಳದವರೆಗೆ ಬಿಟ್ಟ. ದೀಪ ಅಲುಗದೆ ಉರಿಯಿತು. ತಾನೇ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು, ತಳದಲ್ಲಿ ಕೊಳೆತು ಅಂಟಿದ್ದ ಹಳೆಯ ಹುಲ್ಲನ್ನು ಕೆರೆದು ಬುಟ್ಟಿಯಲ್ಲಿ ಮೇಲೆ ಕಳಿಸಿದ. ಕೆಳಗಿಂದ ಕೂಗಿದ:

"ಏಸಿ ಹಾಕಿದಂಗ ತಂಪೈತಿ! ನಾ ಇಲ್ಲೇ ಮಕ್ಕೋತೇನಿ, ನಿಮ್ಮತ್ತಿಗೆ ಹೇಳಬ್ಯಾಡ್ರಿ."

"ಮಕ್ಕೋ, ಮ್ಯಾಲಿಂದ ಬಂಡಿಗಲ್ಲ ಮುಚ್ಚತೇನಿ," ಎಂದಳು ಅವನ ಹೆಂಡತಿ ಕಸ್ತೂರಿ. ಎಲ್ಲರೂ ನಕ್ಕೆವು.

ಶ್ರಾವಣಿ ಹಗ್ಗ ಕಟ್ಟಿಕೊಂಡು ಇಳಿದಳು. ಮೈಕನ್ನು ಗಿಡ್ಡ ಸ್ಟ್ಯಾಂಡಿನ ಮೇಲೆ ಇಳಿಸಿದೆವು. ನಾನು ಬೇವಿನ ಮರದ ನೆರಳಿಗೆ ಮೇಜು ಹಾಕಿಕೊಂಡು ಕೂತೆ. ಅವಳ ಕಿವಿಗೆ ಒಂದು ಇಯರ್‌ಫೋನ್, ಅದರಲ್ಲಿ ನನ್ನ ಮಾತು ಅವಳಿಗೆ ಕೇಳುತ್ತಿತ್ತು. ಮೊದಲ ಸಲ ಹಾಡಿದಾಗ ಸೊಂಟದ ಹಗ್ಗ ಮಣ್ಣಿಗೆ ತಿಕ್ಕಿ ಕಿರಗುಟ್ಟಿತು. ಅವಳು ಅದನ್ನು ಬಿಚ್ಚಿ ಪಕ್ಕಕ್ಕೆ ಇಳಿಬಿಟ್ಟಳು. ಎರಡನೇ ಸಲ ಹಾಡು ಅರ್ಧಕ್ಕೆ ಬಂದಿತ್ತು, ರಸ್ತೆಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರು ಬಂತು. ಡೆಕ್ಕಿನಲ್ಲಿ ಹಾಡು. ಅದೂ ಯಾವುದು? ಶ್ರಾವಣಿಯದೇ, ಮೊದಲ ಆಲ್ಬಮ್ಮಿನದು, ನೆಲ ನಡುಗುವಂತೆ.

ಕೆಳಗಿನಿಂದ ಅವಳ ನಗು ಬಂತು. "ನೋಡ್ರಿ ಮಾವಶಿ, ಆಕಿ ನನಗ ಹಾಡಾಕ ಬಿಡವಲ್ಲಳು!"

ಟ್ರ್ಯಾಕ್ಟರು ದಾಟಿತು. ಮತ್ತೊಂದು ಬಂತು. ಮತ್ತೆ ಅದೇ ಹಾಡು. ಕಬ್ಬಿನ ಹಂಗಾಮಿನಲ್ಲಿ ಆ ರಸ್ತೆ ಖಾಲಿ ಇರುವುದಿಲ್ಲ. ಮೂರನೇ ಸಲವೂ ಕೆಟ್ಟಾಗ ಅವಳ ದನಿಯಲ್ಲಿ ನಗು ಇರಲಿಲ್ಲ, ಮೆಟ್ಟಿಲ ಮೇಲೆ ಕೂತ ದಿನದ ದನಿ ಬಂದಿತ್ತು. ಬಾಯಿಗೆ ಏನಾದರೂ ಮುಚ್ಚೋಣ ಎಂಬ ಮಾತು ಯಾರು ಮೊದಲು ಆಡಿದರೋ ನೆನಪಿಲ್ಲ, ಎಲ್ಲರ ಬಾಯಲ್ಲೂ ಅದೇ ಇತ್ತು. ಕಸ್ತೂರಿ ಒಳಗಿಂದ ಹಳೆ ಸೀರೆ ಹೊಲಿದ ನಾಲ್ಕಾರು ದಪ್ಪ ಕೌದಿ ತಂದಳು. ಒಂದರ ಮೇಲೊಂದು ಹಾಸಿ ಅಂಚಿಗೆ ಇಟ್ಟಿಗೆ ಹೇರಿದೆವು. ಹೊರಗಿನ ಸದ್ದು ಕತ್ತರಿಸಿದಂತೆ ನಿಂತುಹೋಯಿತು. ಅಷ್ಟು ಶುದ್ಧವಾದ ಮೌನವನ್ನು ಯಾವ ಸ್ಟುಡಿಯೋದಲ್ಲೂ ನಾನು ಕೇಳಿರಲಿಲ್ಲ. ಸಂತೋಷಪಟ್ಟೆ.

ಇದನ್ನು ಓದುವವರು ದಯವಿಟ್ಟು ಇಲ್ಲಿ ನಿಲ್ಲಿ. ಹಗೇವಿನ ಬಾಯಿ ತೆರೆದಿಟ್ಟು ಇಳಿಯುವ ಪದ್ಧತಿ ನಮಗೆಲ್ಲ ಗೊತ್ತಿತ್ತು. ಮನುಷ್ಯರನ್ನು ಒಳಗಿಟ್ಟು ಬಾಯಿ ಮುಚ್ಚಿದರೆ ಏನು ಎಂಬುದಕ್ಕೆ ಪದ್ಧತಿ ಇರಲಿಲ್ಲ, ಯಾಕೆಂದರೆ ಯಾರಿಗೂ ಹಾಗೆ ಮುಚ್ಚುವ ಅಗತ್ಯವೇ ಬಿದ್ದಿರಲಿಲ್ಲ. ಕೊಳೆತ ಹುಲ್ಲು ಕೆರೆದ ಹಸಿ ನೆಲದಿಂದ ಏನು ಏಳುತ್ತಿತ್ತೋ, ಅದು ಹೋಗಲು ದಾರಿ ಇರಲಿಲ್ಲ. ಭಾರದ ಗಾಳಿ ಕೆಳಗೆ ಕೂರುತ್ತದೆ ಎಂದು ನಾನು ಕಾಲೇಜಿನಲ್ಲಿ ಓದಿದ್ದೆ. ಮೆಲ್ಲಗಿನ ಹಾಡು, ಕೂತು ಹಾಡುತ್ತೇನೆ ಎಂದು ಶ್ರಾವಣಿ ತಳದಲ್ಲಿ ಕೂತಿದ್ದಳು.

ಹಾಡು ಚೆನ್ನಾಗಿ ಬರುತ್ತಿತ್ತು. ಒಮ್ಮೆ ಮುಗಿಸಿ, ಇನ್ನೊಮ್ಮೆ ಹಾಡುತ್ತೇನೆ ಎಂದಳು. ಎರಡನೇ ಚರಣಕ್ಕೆ ಬರುವಾಗ ಸಾಲುಗಳ ನಡುವೆ ಉಸಿರು ದಪ್ಪಗಾಗಿತ್ತು. ಅದು ನನಗೆ ಕೇಳಿತು. ಕೇಳಿತು, ಮತ್ತು ಅಭ್ಯಾಸದಂತೆ ಪಕ್ಕಕ್ಕೆ ಹೋಯಿತು.

"ಮಾವಶಿ, ತಲಿ ನೋಯಾಕತ್ತೈತಿ."

"ಟೆನ್ಶನ್ ಅದ. ಒಂದು ಗಳಿಗಿ ಸುಮ್ನ ಕೂತು ಮತ್ತ ಹಾಡು."

ಅವಳು ಮತ್ತೆ ಹಾಡಿದಳು. ಒಂದು ಸಾಲನ್ನು ಎರಡು ಸಲ ಹಾಡಿದಳು. ಬೇಕೆಂದೇ ಇರಬಹುದು ಎಂದುಕೊಂಡೆ. ಮೂರನೇ ಸಲವೂ ಅದೇ ಸಾಲು. ಮಾತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ನಿದ್ದೆಗಣ್ಣಿನ ಮಗುವಿನಂತೆ. "ಶ್ರಾವಣಿ," ಎಂದೆ. ಉತ್ತರವಿಲ್ಲ. ಹೆಡ್‌ಫೋನಿನಲ್ಲಿ ಮೆತ್ತಗೆ ಏನೋ ಬಿದ್ದ ಸದ್ದು. ಆಮೇಲೆ ಮೈಕಿಗೆ ತೀರ ಹತ್ತಿರ, ಗರಗಸದಂತೆ, ಉಸಿರು.

"ಕೌದಿ ತಗೀರಿ!" ಎಂದು ಕಿರುಚಿದೆ.

ಈರಣ್ಣ ಇಟ್ಟಿಗೆ ಒದ್ದು ಕೌದಿ ಎಳೆದು ಬಗ್ಗಿ ನೋಡಿದ. ಅವಳು ಮೈಕಿನ ಬುಡದಲ್ಲಿ ಮಗ್ಗುಲಾಗಿ ಬಿದ್ದಿದ್ದಳು. ಹಗ್ಗ ಅವಳ ಪಕ್ಕದಲ್ಲೇ ತೂಗುತ್ತಿತ್ತು. ಅವನು ಎರಡೂ ಕಾಲು ಒಳಗೆ ಬಿಟ್ಟ. ಕಸ್ತೂರಿ ಹಿಂದಿನಿಂದ ಅಂಗಿ ಹಿಡಿದಳು. ನಾನು ಹೆಡ್‌ಫೋನ್ ಸಮೇತ ಹೋಗಿ ತೋಳು ಹಿಡಿದೆ. ವೈರು ಮೇಜನ್ನೇ ಎಳೆದುಕೊಂಡು ಬಂತು.

"ಬಿಡ್ರಿ ಬಾಯಾರ! ನನ್ನ ತಂಗಿ ಮಗಳ ಆಕಿ!"

"ನೀವೂ ಅಲ್ಲೇ ಬಿದ್ರ ಆಕಿನ್ನ ತಗಿಯವರು ಯಾರು? ಉಸಿರು ಅದ, ಈರಣ್ಣ! ನನಗ ಕೇಳಸ್ಲಿಕ್ಕತ್ತದ. ಉಸಿರು ಅದ. ನಿಂದರ್ರಿ."

ಆ ಮಾತಿಗೆ ಅವನು ನಿಂತ. ಮೈಕು ಅವಳ ಮುಖದ ಹತ್ತಿರವೇ ಇತ್ತು. ಅವಳು ಬದುಕಿದ್ದಾಳೆ ಎಂದು ತಿಳಿಯಲು ಭೂಮಿಯ ಮೇಲೆ ಇದ್ದ ದಾರಿ ನನ್ನ ಎರಡು ಕಿವಿ ಮಾತ್ರ.

ಕಸ್ತೂರಿ ಲಿಂಬೆ ತೋಟಕ್ಕೆ ಔಷಧಿ ಹೊಡೆಯುವ ಬ್ಲೋವರ್ ತರಲು ದನದ ಕೊಟ್ಟಿಗೆಗೆ ಓಡಿದಳು. ಅದು ಬರುವವರೆಗೆ ಈರಣ್ಣ ಬೇವಿನ ದೊಡ್ಡ ಟೊಂಗೆಯೊಂದನ್ನು ಮುರಿದು ಹಗ್ಗಕ್ಕೆ ಕಟ್ಟಿ, ಹಗೇವಿನೊಳಗೆ ಮೇಲೆ ಕೆಳಗೆ ಆಡಿಸತೊಡಗಿದ, ಗಾಳಿ ಕಲಕಲೆಂದು. ಪ್ರತಿ ಸಲ ಟೊಂಗೆ ಮೇಲೆ ಬಂದಾಗ ನನ್ನ ಮುಖ ನೋಡಿ ಕೇಳುತ್ತಿದ್ದ.

"ಐತೇನ್ರಿ?"

"ಅದ."

"ಐತೇನ್ರಿ?"

"ಅದ, ಈರಣ್ಣ."

ಎಲೆಗಳ ಸರಸರದ ನಡುವೆ ಆ ಉಸಿರನ್ನು ಹುಡುಕುತ್ತಿದ್ದೆ. ನನ್ನ ಸೇವೆಯಲ್ಲಿ ಎಷ್ಟು ಜನರ ಉಸಿರು ಕತ್ತರಿಸಿ ನೆಲಕ್ಕೆ ಹಾಕಿದ್ದೆನೋ, ಅವೆಲ್ಲ ಈಗ ಒಂದಾಗಿ ಒಂದು ಹುಡುಗಿಯ ಮೂಗಿನಲ್ಲಿ ನಿಂತಂತಿತ್ತು. ಉಸಿರುಗಳ ನಡುವಿನ ಖಾಲಿ ಉದ್ದವಾಗುತ್ತಿತ್ತು.

ಬ್ಲೋವರ್ ಬಂತು. ಔಷಧಿಯ ಟ್ಯಾಂಕನ್ನು ಕಳಚಿ ಎಸೆದು, ಅದರ ಬಾಯಿಗೆ ನೀರೆತ್ತುವ ಮೋಟಾರಿನ ಹಳೆಯ ಪೈಪು ಸಿಕ್ಕಿಸಿ, ತುದಿಯನ್ನು ತಳಕ್ಕೆ ಬಿಟ್ಟು, ಮಷೀನನ್ನು ದೂರದಲ್ಲಿಟ್ಟು ಶುರು ಮಾಡಿದರು. ನನ್ನ ಕಿವಿಯೊಳಗೆ ಬಿರುಗಾಳಿ ನುಗ್ಗಿತು. ಉಸಿರು ಮುಳುಗಿಹೋಯಿತು. ಗುಂಡಿಗಳನ್ನೆಲ್ಲ ತಿರುಗಿಸಿದೆ. ಗಾಳಿಯ ಭೋರ್ಗರೆತ ಬಿಟ್ಟರೆ ಏನೂ ಇಲ್ಲ.

ಈರಣ್ಣ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಮೂಗು ಬಾಯಿಗೆ ಹಸಿ ಟವೆಲ್ಲು ಸುತ್ತಿಕೊಂಡು ನಿಂತಿದ್ದ. ಕಸ್ತೂರಿ ಕಂದೀಲು ಇಳಿಬಿಟ್ಟಳು. ಅದು ಅರ್ಧದಲ್ಲೇ ಆರಿತು. ಎತ್ತಿ ಹಚ್ಚಿ ಮತ್ತೆ ಬಿಟ್ಟಳು, ಸ್ವಲ್ಪ ಕೆಳಗೆ ಹೋಗಿ ಮತ್ತೆ ಆರಿತು. ಗಾಳಿ ಇನ್ನೂ ಆಡಬೇಕಿತ್ತು, ಕಾಯಬೇಕಿತ್ತು. ಈರಣ್ಣ ನನ್ನ ಕಡೆ ತಿರುಗಿ ಗದ್ದ ಎತ್ತಿದ. ಮಷೀನಿನ ಸದ್ದಿನಲ್ಲಿ ಅವನ ಮಾತು ಕೇಳುವಂತಿರಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

'ಗೊತ್ತಿಲ್ಲ' ಎಂದಿದ್ದರೆ ಅವನು ಆ ಕ್ಷಣವೇ ಹಾರುತ್ತಿದ್ದ.

ನಾನು ತಲೆಯಾಡಿಸಿದೆ. "ಅದ."

ಮೂರನೇ ಸಲ ಕಂದೀಲು ತಳ ಮುಟ್ಟಿ ಉರಿಯಿತು. ಅವನು ಇಳಿದು, ಅಲ್ಲೇ ತೂಗುತ್ತಿದ್ದ ಹಗ್ಗವನ್ನು ಅವಳ ಸೊಂಟಕ್ಕೆ ಕಟ್ಟಿದ. ಅಷ್ಟರಲ್ಲಿ ರಸ್ತೆಯಲ್ಲಿ ಹೋಗುತ್ತಿದ್ದ ಟ್ರ್ಯಾಕ್ಟರಿನ ಡ್ರೈವರು ನಮ್ಮ ಕೂಗಾಟ ಕೇಳಿ ಗಾಡಿ ಅಲ್ಲೇ ಬಿಟ್ಟು ಓಡಿ ಬಂದ. ಅವನು, ಕಸ್ತೂರಿ, ನಾನು, ನೆರೆಯವರು ಸೇರಿ ಹಗ್ಗ ಎಳೆದೆವು. ಮೊದಲು ಅವಳು ಬಂದಳು, ಕತ್ತು ಜೋತುಬಿದ್ದು, ತುಟಿ ನೀಲಿಯಾಗಿ. ರಸ್ತೆಯ ಮೇಲೆ ಟ್ರ್ಯಾಕ್ಟರಿನ ಡೆಕ್ಕಿನಲ್ಲಿ ಅವಳ ಹಾಡು ಇನ್ನೂ ಕೂಗುತ್ತಿತ್ತು. "ಲೇ, ಆ ಸಾಂಗ್ ಬಂದ್ ಮಾಡೋ!" ಎಂದು ಯಾರೋ ಒದರಿದರು. ಡ್ರೈವರು ಮಾತ್ರ ಕೈಯಲ್ಲಿ ಹಗ್ಗ ಹಿಡಿದು ಆ ಮುಖವನ್ನೇ ನೋಡುತ್ತಿದ್ದ. ಅವನಿಗೆ ಗುರುತು ಸಿಕ್ಕಿತೋ ಇಲ್ಲವೋ.

ಬಯಲಿನಲ್ಲಿ ಮಲಗಿಸಿದ ಸ್ವಲ್ಪ ಹೊತ್ತಿಗೆ ಅವಳು ಕೆಮ್ಮಿದಳು. ವಾಂತಿ ಮಾಡಿಕೊಂಡಳು. ಕಣ್ಣು ತೆರೆದು ಅಳತೊಡಗಿದಾಗ ಕಸ್ತೂರಿ ಅವಳ ಬೆನ್ನಿಗೆ ರಪ್ಪನೆ ಬಾರಿಸಿ ಅಪ್ಪಿಕೊಂಡಳು. "ಹಾಡ ಹಾಡಾಕ ಭೂಮಿ ಮ್ಯಾಲ ಜಾಗಾ ಇದ್ದಿದ್ದಿಲ್ಲೇನ ನಿನಗ?"

ಇಂಡಿ ಪಟ್ಟಣದ ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಹಾಕಿದರು. ಮರುದಿನವೇ ಮನೆಗೆ ಕಳಿಸಿದರು. ಈರಣ್ಣನಿಗೆ ಒಂದು ವಾರ ತಲೆನೋವಿತ್ತು. ಅವನು ಹಗೇವಿಗೆ ಮಣ್ಣು ತುಂಬಿಸಿದ.

ನನಗೆ ಏನೂ ಆಗಿರಲಿಲ್ಲ. ಆದರೆ ಕುಕ್ಕರಿನ ಸೀಟಿಗೆ ಎದೆ ಹಾರುತ್ತಿತ್ತು. ಮಧ್ಯಾಹ್ನ ಮಲಗಿದ ನನ್ನ ಯಜಮಾನರ ಉಸಿರು ಒಂದು ಗಳಿಗೆ ತಡವಾದರೆ ಎಬ್ಬಿಸುತ್ತಿದ್ದೆ. "ಏನ ಮಾರಾಯ್ತಿ, ಸಾಯಲಿಲ್ಲಂತ ಸಿಟ್ಟೇನು?" ಎಂದು ಅವರು ಗೊಣಗುತ್ತಿದ್ದರು. ಲ್ಯಾಪ್‌ಟಾಪಿನಲ್ಲಿ ಆ ದಿನದ ಮುದ್ರಣ ಪೂರ್ತಿ ಇತ್ತು, ಯಾರೂ ನಿಲ್ಲಿಸಿರಲಿಲ್ಲ. ಅಳಿಸಲು ಹೋಗಿ ಅಳಿಸಲಾಗದೆ ಮುಚ್ಚಿಡುತ್ತಿದ್ದೆ.

ಒಂದು ದಿನ ಶ್ರಾವಣಿ ಬಂದು, ಅದನ್ನು ಕೇಳಬೇಕು ಎಂದಳು. ಬೇಡ ಎಂದೆ. ಕೂತೇ ಬಿಟ್ಟಳು. ಹೆಡ್‌ಫೋನ್ ಹಾಕಿಕೊಂಡು ಕೊನೆಯವರೆಗೆ ಕೇಳಿದಳು. ನಾನು ಅವಳ ಮುಖ ನೋಡುತ್ತ ಎದುರಿಗೆ ಕೂತಿದ್ದೆ. ಯಾವ ಜಾಗ ಬಂತೆಂದು ಮುಖದಲ್ಲೇ ತಿಳಿಯುತ್ತಿತ್ತು. ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಮಾಮಾ ಹೇಳ್ಯಾನ, ನೀವು ಉಸಿರು ಅದ ಅದ ಅನ್ನಾಕತ್ತಿದ್ರಿ, ಅದಕ್ಕ ನಾ ತಡದ್ನಿ ಅಂತ. ಆ ಮಷೀನ ಸದ್ದಿನ್ಯಾಗ ನಿಮಗ ನನ್ನ ಉಸಿರು ಕೇಳತಿತ್ತೇನ್ರಿ?"

"ಇಲ್ಲ."

"ಮತ್ತ?"

"ಕೇಳಲಿಲ್ಲ ಅಂದಿದ್ರ ಅವ ಹಾರ್ತಿದ್ದ."

ಅವಳು ಮಡಿಲಲ್ಲಿದ್ದ ವೈರನ್ನು ಬೆರಳಿಗೆ ಸುತ್ತತೊಡಗಿದಳು. ಮಷೀನು ಓಡುತ್ತಿದ್ದ ಆ ಹೊತ್ತಿನಲ್ಲಿ ಅವಳು ಸತ್ತಿದ್ದರೆ ಅವನನ್ನು ತಡೆದ ನಾನು ಏನಾಗುತ್ತಿದ್ದೆ ಎಂಬುದು ಅವಳಿಗೂ ತಿಳಿಯುತ್ತಿತ್ತು, ನನಗೂ ತಿಳಿಯುತ್ತಿತ್ತು. ಕೊನೆಗೆ ಎದ್ದು, "ಬಾಗಲಾ ತಗದ ಇಡ್ರಿ, ಕಿಡಕಿನೂ," ಎಂದಳು. "ಆ ಹಾಡು ಇಲ್ಲೇ ಹಾಡತೇನಿ."

ನಮ್ಮ ಕೆಳಗಿನ ಕೋಣೆಯಲ್ಲಿ, ಬಾಗಿಲು ಕಿಟಕಿ ಎಲ್ಲ ತೆರೆದು, ಬೀದಿಯ ಸದ್ದು ಒಳಗೆ ಬರುತ್ತಿರುವಾಗಲೇ ಆ ಹಾಡು ಮುದ್ರಣವಾಯಿತು. ತರಕಾರಿಯವನು ಕೂಗಿಕೊಂಡು ಹೋದದ್ದೂ ಅದರಲ್ಲಿದೆ. ಆಲ್ಬಮ್ ಹೊರಗೆ ಬಂದ ಮೇಲೆ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಫೋನು ಮಾಡಿ, "ಉಸಿರು ಹಂಗೇ ಬಿಟ್ಟೀರಲ್ರಿ ಕುಲಕರ್ಣಿ ಬಾಯಿ, ಕಿವಿ ಕೆಟ್ಟಾವೇನು?" ಎಂದರು. ಹೌದು ಅಂದೆ.

ಆ ಹಾಡು ಮುದ್ರಿಸಿದ ದಿನ ಮೈಕಿನ ಮುಂದೆ ಕೂತು ಅವಳು ಕಣ್ಣು ಮುಚ್ಚಿಕೊಂಡಳು. ನನ್ನ ಕೈ ಅರ್ಧಕ್ಕೆ ನಿಂತಿತ್ತು, ಹೇಗೋ ಹೆಡ್‌ಫೋನ್ ಹಾಕಿಕೊಂಡೆ. ಬೀದಿಯ ಸದ್ದಿನ ಹಿಂದೆ ನಿಶ್ಶಬ್ದ ತೆರೆಯಿತು. ಹಾಡಿಗೆ ಮೊದಲು ಅವಳು ಎದೆ ತುಂಬ ಉಸಿರು ಎಳೆದುಕೊಂಡಳು. ಅವಳು ಅದನ್ನು ಬಿಡುವ ತನಕ ನಾನೂ ನನ್ನದನ್ನು ಹಿಡಿದುಕೊಂಡೇ ಇದ್ದೆ.